ಗಾಡಿಯ ಕೆಳಗಿನ ನೆರಳು

ಗಾಡಿಯ ಕೆಳಗೆ ನಡೆಯುವ ನಾಯಿ, ಗಾಡಿಯನ್ನು ತಾನೇ ಎಳೆಯುತ್ತಿದ್ದೇನೆ ಎಂದು ಬೀಗುತ್ತದಂತೆ. ಕೆಲಸ ಮಾಡದೆ ಹೆಸರು ಹೊಡೆಯುವವರನ್ನು ಕುರಿತು ನಮ್ಮ ಕಡೆ ಆಡುವ ಮಾತು ಇದು. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಗುಮಾಸ್ತನಾಗಿದ್ದ ನಾನು ಇದನ್ನು ಯಾರ್ಯಾರ ಮೇಲೆ ಪ್ರಯೋಗಿಸಿದ್ದೇನೋ ಲೆಕ್ಕವಿಲ್ಲ. ಆದರೆ ಆ ನಾಯಿ ಗಾಡಿಯ ಕೆಳಗೇ ಏಕೆ ನಡೆಯುತ್ತದೆ ಎಂದು ಎಪ್ಪತ್ತು ದಾಟುವವರೆಗೆ ಯೋಚಿಸಿರಲಿಲ್ಲ. ಚಿಕ್ಕಂದಿನಲ್ಲಿ ಅಜ್ಜನ ಗಾಡಿಯಲ್ಲಿ ದಾವಣಗೆರೆ ಸಂತೆಗೆ ಬರುವಾಗ ನಮ್ಮ ಕರಿಯನೂ ಹಾಗೇ ಬರುತ್ತಿದ್ದ. ಗಾಡಿಯ ಕೆಳಗೆ ನೆರಳಿತ್ತು, ಗಾಳಿಯಿತ್ತು. ಬಾಯಾರಿದರೆ ಪಕ್ಕಕ್ಕೆ ಸರಿದು, ಹೊಂಡದಲ್ಲಿ ನೀರು ಕುಡಿದು, ಓಡಿ ಬಂದು ಮತ್ತೆ ಸೇರಿಕೊಳ್ಳುತ್ತಿದ್ದ.

ನಮ್ಮ ಮೊಮ್ಮಗಳು ಅನ್ವಿತಾಳ ಗುಂಡನಿಗೆ ಆ ಅನುಕೂಲವಿಲ್ಲ. ಅವನು ಪಗ್ ಜಾತಿಯವನು. ಒಂದು ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹಿಂದೆಯೇ ಹೋಗುತ್ತಿತ್ತಲ್ಲ, ಅದೇ ಚಪ್ಪಟೆ ಮೂತಿ. ಗುಂಡ ಊರಿಗೆ ಬರುವುದು ಕಾರಿನಲ್ಲಿ, ಗಾಜು ಏರಿಸಿಕೊಂಡು.

ಎರಡು ವರ್ಷದ ಹಿಂದೆ, ಏಪ್ರಿಲ್ ಕೊನೆಯ ವಾರ. ಮಗ, ಸೊಸೆ, ಅನ್ವಿತಾ, ನಾನು, ನನ್ನಾಕೆ ಮತ್ತು ಗುಂಡ ಬೆಂಗಳೂರಿನಿಂದ ದಾವಣಗೆರೆಗೆ ಹೊರಟಿದ್ದೆವು. ಬೆಳಿಗ್ಗೆ ಆರಕ್ಕೆ ಹೊರಡುವುದೆಂದು ಮಾತಾಗಿತ್ತು. ನನ್ನ ಸ್ನಾನ, ಪೂಜೆ, ಪೇಪರು ಮುಗಿಯುವ ಹೊತ್ತಿಗೆ ಒಂಬತ್ತೂವರೆ. ಶಿರಾ ದಾಟಿ ಹಿರಿಯೂರು ಹತ್ತಿರವಾದಾಗ ಮಧ್ಯಾಹ್ನ ಒಂದು ಗಂಟೆ. ಹೆದ್ದಾರಿ ಪಕ್ಕದ ಹೋಟೆಲಿನಲ್ಲಿ ಊಟಕ್ಕೆ ನಿಲ್ಲಿಸಿದೆವು. ನಾಯಿಯನ್ನು ಒಳಗೆ ಬಿಡುವುದಿಲ್ಲ ಎಂದರು. ಮಗ ಒಂದು ಬೇವಿನ ಮರ ಹುಡುಕಿ ಅದರ ನೆರಳಿಗೇ ಸರಿಯಾಗಿ ಕಾರು ನಿಲ್ಲಿಸಿದ. ಕಿಟಕಿಗಳನ್ನು ಎರಡೆರಡು ಬೆರಳು ಇಳಿಸಿದ. ಬಟ್ಟಲಿಗೆ ನೀರು ಹಾಕಿದ. ಆದರೂ ಸೊಸೆ ಹಿಂದೆ ಮುಂದೆ ನೋಡಿದಳು. “ಏನೂ ಆಗಲ್ಲ ಬಾರಮ್ಮ, ಐದು ನಿಮಿಷ” ಎಂದವನು ನಾನು.

ಊಟದ ಹೋಟೆಲಿನಲ್ಲಿ ಐದು ನಿಮಿಷ ಎನ್ನುವುದು ಎಲ್ಲಿದೆ? ಜಾಗ ಸಿಕ್ಕಿ ಕೂರುವುದಕ್ಕೇ ಹತ್ತು ನಿಮಿಷವಾಯಿತು. ಅನ್ನ ಬಂದಾಗ ಅನ್ವಿತಾ, “ಅಜ್ಜ, ಗುಂಡನ್ನ ನೋಡ್ಕೊಂಡು ಬರ್ಲಾ?” ಎಂದಳು. ಊಟದ ನಡುವೆ ಏಳಬಾರದು ಎಂದೆ. ಮಜ್ಜಿಗೆಗೆ ಕಾಯುವಾಗ ಮತ್ತೆ ಕೇಳಿದಳು. ಮತ್ತೆ ಅದನ್ನೇ ಹೇಳಿದೆ. ಮೂರನೇ ಸಲ ಅವಳು ಕೇಳಲಿಲ್ಲ. ಎಂಜಲು ಕೈಯಲ್ಲೇ ಎದ್ದು ಓಡಿದಳು.

ನಾವು ಹೊರಗೆ ಬಂದು ನೋಡಿದರೆ ಬೇವಿನ ಮರ ಇದ್ದಲ್ಲೇ ಇತ್ತು, ನೆರಳು ಮಾತ್ರ ಪಕ್ಕದ ಲಾರಿಯ ಮೇಲೆ ಹೋಗಿತ್ತು. ನೀರಿನ ಬಟ್ಟಲು ಮಗುಚಿಕೊಂಡಿತ್ತು. ಗುಂಡ ಸೀಟಿನ ಕೆಳಗೆ ಬಿದ್ದಿದ್ದ. ನಾಲಿಗೆ ಅಗಲವಾಗಿ ಹೊರಚಾಚಿತ್ತು, ಬಾಯಲ್ಲಿ ಅಂಟಂಟು ಜೊಲ್ಲು, ಉಸಿರು ಗರಗಸ ಎಳೆದ ಹಾಗೆ. ಎತ್ತಿ ನಿಲ್ಲಿಸಿದರೆ ಕಾಲು ನಿಲ್ಲದೆ ಕುಸಿದ.

ಎದುರಿಗೆ ಎಳನೀರು ಮಾರುತ್ತಿದ್ದ ಹೆಂಗಸು ಕೂಗಿದಳು: “ಆ ಮೂಕಪ್ರಾಣೀನ ಇಲ್ಲಿ ತನ್ನಿ ಯಜಮಾನ್ರೇ, ನಿಂತ್ಕಂಡು ಏನ್ ನೋಡ್ತೀರಿ!” ತೆಂಗಿನಗರಿಯ ಚಪ್ಪರದ ಕೆಳಗೆ ಮಲಗಿಸಿಕೊಂಡು ಹೊಟ್ಟೆ, ತೊಡೆಸಂದು, ಕುತ್ತಿಗೆಗೆ ಕೊಡದ ನೀರನ್ನೇ ಸುರಿದಳು. ಲಾರಿಯ ಕ್ಲೀನರ್ ಹುಡುಗ ರಟ್ಟಿನ ಪೆಟ್ಟಿಗೆ ಹರಿದು ಗಾಳಿ ಬೀಸಿದ. ನಾನು ಟವೆಲ್ ಒದ್ದೆ ಮಾಡಿ ಮೈತುಂಬ ಹೊದಿಸಲು ಹೋದೆ. ಅಷ್ಟರಲ್ಲಿ ಮಗ ಬೆಂಗಳೂರಿನ ಪಶುವೈದ್ಯರಿಗೆ ಫೋನ್ ಹಚ್ಚಿದ್ದ. “ಹೊದಿಸಬೇಡಿ. ನೀರು ಹಾಕಿ, ಗಾಳಿ ಬೀಸಿ. ಮೊದಲು ಮೈ ತಣಿಯಲಿ, ಆಮೇಲೆ ಆಸ್ಪತ್ರೆಗೆ ಹೊರಡಿ” ಎಂದರು ಅವರು. ಹೊದಿಸಿದ ಒದ್ದೆ ಬಟ್ಟೆ ಸ್ವಲ್ಪ ಹೊತ್ತಿಗೆ ಮೈಕಾವಿಗೆ ತಾನೂ ಬಿಸಿಯಾಗಿ, ಶಾಖವನ್ನು ಒಳಗೇ ಹಿಡಿದಿಡುತ್ತದೆ. ಪ್ರಜ್ಞೆ ಸರಿಯಿಲ್ಲದ ನಾಯಿಯ ಬಾಯಿಗೆ ನೀರನ್ನೂ ಸುರಿಯಬಾರದು, ಶ್ವಾಸನಾಳಕ್ಕೆ ಹೋಗುತ್ತದೆ. ತಾನಾಗಿ ನೆಕ್ಕಿದರೆ ಸ್ವಲ್ಪ ಸ್ವಲ್ಪವೇ ಕೊಡಬೇಕು.

ಹಿರಿಯೂರಿನಲ್ಲಿ ಪಶುವೈದ್ಯರು ನೋಡಿದಾಗಲೂ ಗುಂಡನ ಮೈ 106 ಡಿಗ್ರಿ ಫ್ಯಾರನ್‌ಹೀಟ್ ಇತ್ತು. ನಾಯಿಗೆ ಸಹಜವಾದದ್ದು 101ರಿಂದ 102.5. ವಸಡು ಕೆಂಡದ ಹಾಗೆ ಕೆಂಪಾಗಿತ್ತು. ಡ್ರಿಪ್ ಹಾಕಿದರು. ಇನ್ನು ಎರಡು ದಿನ ಮೂತ್ರದ ಮೇಲೆ ಕಣ್ಣಿಡಿ, ಶಾಖದ ಹೊಡೆತ ಮೂತ್ರಪಿಂಡಕ್ಕೂ ತಾಗುತ್ತದೆ ಎಂದರು. ಸಂಜೆ ಐದರ ಹೊತ್ತಿಗೆ ಸುರುಳಿ ಬಾಲ ಒಂದು ಸಲ ಅಲ್ಲಾಡಿತು. ದಾವಣಗೆರೆ ಮುಟ್ಟುವವರೆಗೆ ಅನ್ವಿತಾ ನನ್ನ ಜೊತೆ ಮಾತಾಡಲಿಲ್ಲ. ಅವಳು ಮಾಡಿದ್ದು ಸರಿ.

ಮಕ್ಕಳೇ, ನಮಗೆ ಸೆಕೆಯಾದರೆ ಮೈಯೆಲ್ಲ ಬೆವರುತ್ತದೆ. ಆ ಬೆವರು ಆರುವಾಗ ಮೈಯ ಬಿಸಿಯನ್ನೂ ಕೊಂಡೊಯ್ಯುತ್ತದೆ. ನಾಯಿಗೆ ಬೆವರುವುದು ಪಾದದ ಅಡಿಯಲ್ಲಿ ಅಷ್ಟಿಷ್ಟು ಮಾತ್ರ. ಉಳಿದ ಕೆಲಸವನ್ನೆಲ್ಲ ತೇಗಿ ತೇಗಿ ಉಸಿರಾಡುತ್ತ ನಾಲಿಗೆ, ಬಾಯಿ, ಮೂಗಿನ ತೇವವನ್ನು ಆರಿಸಿಯೇ ಮಾಡಿಕೊಳ್ಳಬೇಕು. ಮುಚ್ಚಿದ ಕಾರಿನಲ್ಲಿ ಗಾಳಿ ಮೊದಲೇ ಬಿಸಿ, ಅದಕ್ಕೆ ನಾಯಿಯ ಉಸಿರಿನ ತೇವವೂ ಸೇರಿದ ಮೇಲೆ ನಾಲಿಗೆಯ ನೀರು ಆರುವುದಾದರೂ ಎಲ್ಲಿಗೆ? ಅದು ಇನ್ನೂ ಜೋರಾಗಿ ತೇಗುತ್ತದೆ. ಆ ದುಡಿಮೆಯಿಂದಲೇ ಮೈ ಇನ್ನಷ್ಟು ಕಾಯುತ್ತದೆ. ಬಡ್ಡಿ ಕಟ್ಟಲು ಮತ್ತೆ ಸಾಲ ಮಾಡಿದ ಹಾಗೆ. ಪಗ್‌ನಂಥ ಚಪ್ಪಟೆ ಮೂತಿಯ ನಾಯಿಗೆ ಉಸಿರಿನ ದಾರಿಯೇ ಇಕ್ಕಟ್ಟು. ಮುದಿ ನಾಯಿಗೂ ದಪ್ಪ ನಾಯಿಗೂ ಕಷ್ಟ ಹೆಚ್ಚು.

ಇನ್ನು ಕಾರಿನ ಗಾಜು. ಬಿಸಿಲನ್ನು ಒಳಗೆ ಬಿಡುತ್ತದೆ. ಅದನ್ನು ಕುಡಿದು ಕಾದ ಸೀಟು, ಡ್ಯಾಶ್‌ಬೋರ್ಡುಗಳ ಶಾಖವನ್ನು ಹೊರಗೆ ಬಿಡುವುದಿಲ್ಲ. ಅಮೆರಿಕದ ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರು ಇದನ್ನು ಅಳೆದು 2005ರಲ್ಲಿ ಪ್ರಕಟಿಸಿದ್ದಾರೆ. ಹೊರಗೆ ಹಿತವಾಗಿ 22 ಡಿಗ್ರಿ ಸೆಲ್ಸಿಯಸ್ ಇದ್ದ ದಿನವೂ ಒಂದು ಗಂಟೆಯಲ್ಲಿ ಕಾರಿನೊಳಗೆ 47 ಆಗಿತ್ತು. ಆ ಏರಿಕೆಯ ಹೆಚ್ಚು ಪಾಲು ಆದದ್ದು ಮೊದಲ ಅರ್ಧ ಗಂಟೆಯಲ್ಲಿ. ಕಿಟಕಿಯನ್ನು ಸ್ವಲ್ಪ ಇಳಿಸಿಟ್ಟರೂ ಹೇಳಿಕೊಳ್ಳುವ ವ್ಯತ್ಯಾಸವಾಗಲಿಲ್ಲ.

ಗುಮಾಸ್ತನಿಗೆ ಬೇರೆಯವರ ಲೆಕ್ಕದ ಮೇಲೆ ಪೂರ್ತಿ ನಂಬಿಕೆ ಬರುವುದಿಲ್ಲ. ಊರಿಗೆ ಬಂದ ಮೂರನೇ ದಿನ, ಗುಂಡ ಚೇತರಿಸಿಕೊಂಡ ಮೇಲೆ, ಅನ್ವಿತಾಳನ್ನು ಕರೆದು ಗೋಡೆಯ ಥರ್ಮಾಮೀಟರನ್ನು ಖಾಲಿ ಕಾರಿನಲ್ಲಿ ತೂಗುಹಾಕಿದೆ. ಅವಳು ನನ್ನ ಹಳೆಯ ಲೆಡ್ಜರ್ ಪುಸ್ತಕದಲ್ಲಿ ಗೆರೆ ಎಳೆದು ಕೂತಳು. ಬೆಳಿಗ್ಗೆ ಹನ್ನೊಂದು, ಹೊರಗೆ 36 ಡಿಗ್ರಿ. ಅರ್ಧ ಗಂಟೆ ತುಂಬುವ ಮೊದಲೇ ಕೆಂಪು ಗೆರೆ 50ಕ್ಕೆ ಮುಟ್ಟಿ ನಿಂತಿತು. ಅದರ ಮೇಲೆ ಬರೆದ ಅಂಕಿಯೇ ಇರಲಿಲ್ಲ. ಮರುದಿನ ಕಿಟಕಿ ಎರಡು ಬೆರಳು ಇಳಿಸಿ ನೋಡಿದೆವು. ಅವತ್ತೂ ಗೆರೆ ಅಲ್ಲಿಗೇ ಹೋಯಿತು. ಅನ್ವಿತಾ ಲೆಡ್ಜರಿನಲ್ಲಿ ಬರೆದು, ಕೆಳಗೆ ನನ್ನ ಸಹಿ ಹಾಕಿಸಿಕೊಂಡಳು.

ಆಮೇಲೆ ಮಗ ಕ್ರೇಟು ತಂದ. ಕಾರಿನಲ್ಲಿ ನಾಯಿ ಅತ್ತಿತ್ತ ಎರಚಾಡದಂತೆ ಕೂರಿಸುವ ಪೆಟ್ಟಿಗೆ. ಅಂಗಡಿಯಲ್ಲಿ ಮೊದಲು ತೋರಿಸಿದ್ದಕ್ಕೆ ಬಾಗಿಲಿಗೆ ಮಾತ್ರ ಕಂಬಿ, ಉಳಿದ ಕಡೆ ಗಟ್ಟಿ ಪ್ಲಾಸ್ಟಿಕ್. ಬೇಡವೆಂದು ನಾಲ್ಕೂ ಕಡೆ ತಂತಿಯದೇ ತೆಗೆದುಕೊಂಡೆವು. ಗುಂಡ ತಲೆಯೆತ್ತಿ ನಿಂತು, ಪೂರ್ತಿ ತಿರುಗಿ, ಕಾಲು ಚಾಚಿ ಮಲಗುವಷ್ಟು ಜಾಗವಿದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯೂ ಪಂಜರದಲ್ಲಿ ಪ್ರಾಣಿಗೆ ಓಡಾಡಲು ತಕ್ಕಷ್ಟು ಜಾಗ ಇರಬೇಕು ಎನ್ನುತ್ತದೆ. ನನ್ನಾಕೆ ಪ್ರೀತಿಯಿಂದ ಹತ್ತಿಯ ದಿಂಬು ಹೊಲಿದಿದ್ದಳು. ಬೇಸಿಗೆಯಲ್ಲಿ ಅದು ಒಳ್ಳೆಯದಲ್ಲ. ಈಗ ಒಂದು ತೆಳು ಹತ್ತಿ ಸೀರೆಯ ತುಂಡನ್ನು ನೀರಿನಲ್ಲಿ ಅದ್ದಿ ಹಿಂಡಿ ಕೆಳಗೆ ಹಾಸುತ್ತಾಳೆ, ಒಣಗಿದಂತೆ ಮತ್ತೆ ಅದ್ದುತ್ತಾಳೆ. ಬಟ್ಟಲಲ್ಲಿ ರಾತ್ರಿಯೇ ನೀರು ಹೆಪ್ಪುಗಟ್ಟಿಸಿ, ಕಂಬಿಗೆ ಸಿಕ್ಕಿಸಿಬಿಟ್ಟರೆ ಕಾರು ಕುಲುಕಿದರೂ ಚೆಲ್ಲುವುದಿಲ್ಲ. ಕರಗಿದಷ್ಟು ನೆಕ್ಕಿಕೊಳ್ಳುತ್ತಾನೆ. ಇದು ಅನ್ವಿತಾಳ ಉಪಾಯ. ಹೊರಡುವ ಮುಂಚೆ ಹೊಟ್ಟೆ ಬಿರಿಯೆ ಊಟ ಹಾಕುವುದಿಲ್ಲ. ಮೊದಲ ದಿನವೇ ಒಳಗೆ ತಳ್ಳಿ ಬಾಗಿಲು ಹಾಕಿದರೆ ನಾಯಿ ಗಾಬರಿಯಿಂದಲೇ ತೇಗಿ ಅರ್ಧ ಸೊರಗುತ್ತದೆ. ಹದಿನೈದು ದಿನ ಮನೆಯಲ್ಲೇ ಕ್ರೇಟು ತೆರೆದಿಟ್ಟು, ಅಲ್ಲೇ ಊಟ ಹಾಕಿ ರೂಢಿ ಮಾಡಿಸಿದೆವು.

ಎಸಿ ಇದೆಯಲ್ಲ ಎನ್ನಬಹುದು. ಮುಂದಿನ ಸೀಟಿನಲ್ಲಿ ನನಗೆ ಚಳಿಯಾಗಿ ಶಾಲು ಹೊದ್ದಿದ್ದೆ. ಹಿಂದೆ ಕ್ರೇಟಿನೊಳಗೆ ಕೈ ಹಾಕಿ ನೋಡಿದರೆ ಬಿಸಿ! ಸಾಮಾನು ಅಡ್ಡ ಬಂದು ಗಾಳಿಯೇ ತಲುಪುತ್ತಿರಲಿಲ್ಲ. ಅಂದಿನಿಂದ ಅರ್ಧ ಗಂಟೆಗೊಮ್ಮೆ ಅನ್ವಿತಾ ಕ್ರೇಟಿನೊಳಗೆ ಕೈಹಿಂಬದಿ ಇಟ್ಟು ನೋಡುತ್ತಾಳೆ. ಬಿಸಿಲು ಬೀಳುವ ಕಡೆಯ ಕಿಟಕಿಗೆ ಜಾಲರಿ ಪರದೆ ಕಟ್ಟುತ್ತೇವೆ. ಕ್ರೇಟಿನ ಮೇಲೇ ಬೆಡ್‌ಶೀಟ್ ಮುಚ್ಚುವುದಿಲ್ಲ, ಗಾಳಿ ನಿಂತುಹೋಗುತ್ತದೆ. ಎಸಿ ಹಾಕಿಟ್ಟು ನಾಯಿಯನ್ನು ಬಿಟ್ಟು ಹೋಗುವುದನ್ನೂ ಮಾಡಬೇಡಿ. ಎಂಜಿನ್ ಯಾವಾಗ ನಿಲ್ಲುತ್ತದೋ ಒಳಗಿರುವ ನಾಯಿ ಬಂದು ಹೇಳುವುದಿಲ್ಲ.

ರೈಲಿನಲ್ಲಾದರೆ ನಾಯಿಯನ್ನು ಗಾರ್ಡ್ ಬೋಗಿಯ ನಾಯಿಪೆಟ್ಟಿಗೆಯಲ್ಲಿ ಕಳುಹಿಸಬಹುದು. ಮೊದಲ ದರ್ಜೆಯ ಕೂಪೆಯನ್ನು ಪೂರ್ತಿ ಕಾಯ್ದಿರಿಸಿದರೆ ಜೊತೆಗೇ ಕರೆದೊಯ್ಯಬಹುದು. ಪೆಟ್ಟಿಗೆಯೇ ಗತಿಯಾದರೆ ಬೇಸಿಗೆಯಲ್ಲಿ ರಾತ್ರಿಯ ರೈಲು ವಾಸಿ.

ಇನ್ನೊಬ್ಬರ ಕಾರಿನಲ್ಲಿ ನಾಯಿ ಒದ್ದಾಡುವುದು ಕಂಡರೆ ನೀವು ಮಕ್ಕಳು ಗಾಜು ಒಡೆಯಲು ಹೋಗಬೇಡಿ. ಗಾಡಿಯ ನಂಬರ್ ಬರೆದುಕೊಂಡು ಹೋಟೆಲಿನ ಗಲ್ಲಾದವರಿಗೆ ಹೇಳಿ, ಕೂಗಿಸಿ. ದೊಡ್ಡವರ ಊಟ ನಡುವೆ ನಿಂತರೂ ಚಿಂತೆಯಿಲ್ಲ. ಪಶುವೈದ್ಯರ ಸಂಚಾರಿ ವಾಹನಕ್ಕೆ 1962 ಸಂಖ್ಯೆಗೆ ಕರೆ ಮಾಡಬಹುದು. ನನಗೆ ಈ ಸಂಖ್ಯೆ ಮರೆಯುವುದಿಲ್ಲ, ಆ ವರ್ಷ ನಾನು ನಾಲ್ಕನೇ ಕ್ಲಾಸಿನಲ್ಲಿದ್ದೆ.

ಈ ಬೇಸಿಗೆಯಲ್ಲಿ ನಾವು ಬೆಳಗಿನ ಜಾವ ಐದಕ್ಕೇ ಹೊರಟೆವು. ನಾನು ರಾತ್ರಿಯೇ ಗಡ್ಡ ಕೆರೆದುಕೊಂಡಿದ್ದೆ. ಪೂಜೆಯನ್ನು ಊರಿಗೆ ಹೋಗಿ ಮಾಡಿದರಾಯಿತು ಎಂದೆ. ನನ್ನಾಕೆ ಚಿತ್ರಾನ್ನ ಕಟ್ಟಿಕೊಂಡಿದ್ದಳು, ಹೋಟೆಲಿನ ಮಾತೇ ಇಲ್ಲ. ಹಿರಿಯೂರು ಹತ್ತಿರ ಅದೇ ಚಪ್ಪರದ ಮುಂದೆ ನಿಲ್ಲಿಸಿದೆವು. ಆಕೆ ಗುಂಡನನ್ನು ನೋಡಿದವಳೇ, “ಇವ್ನೇ ಅಲ್ವಾ ಅವತ್ತಿನೋನು?” ಎಂದು ಕುಡುಗೋಲು ಬದಿಗಿಟ್ಟು, ಒಂದು ಎಳನೀರಿನ ಚಿಪ್ಪಿಗೆ ಕೊಡದಿಂದ ನೀರು ಬಗ್ಗಿಸಿದಳು. ದುಡ್ಡು ಕೊಡಲು ಹೋದರೆ ಐದು ಎಳನೀರಿಗಷ್ಟೇ ಎಣಿಸಿಕೊಂಡಳು.

ನಾನು ಬೆಂಚಿನ ಮೇಲೆ ಕೂತಿದ್ದೆ. ಗುಂಡ ನೀರು ಮುಗಿಸಿ ಬಂದು, ಬೆಂಚಿನ ಕೆಳಗೆ ನನ್ನ ಎರಡು ಕಾಲುಗಳ ನಡುವಿನ ನೆರಳಿನಲ್ಲಿ ಹೊಟ್ಟೆ ಅಂಟಿಸಿ ಮಲಗಿದ.