ಆಕಾಶ ನೋಡುವುದೂ ಒಂದು ಉದ್ಯೋಗ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂದೊಡನೆ ನೆನಪಾಗುವುದು ಕಬ್ಬು, ತಂಬಾಕು ಮತ್ತು ಕೃಷ್ಣಾ ನದಿ. ಖಗೋಳ ವಿಜ್ಞಾನದ ಇತಿಹಾಸದಲ್ಲೂ ಈ ಸೀಮೆಗೆ ಒಂದು ಸ್ಥಾನವಿದೆ ಎಂದರೆ ಹಲವರಿಗೆ ಆಶ್ಚರ್ಯವಾದೀತು. 1868ರ ಆಗಸ್ಟ್ 18ರ ಬೆಳಿಗ್ಗೆ ಸಂಭವಿಸಿದ ಖಗ್ರಾಸ ಸೂರ್ಯಗ್ರಹಣದ ನೆರಳು ಕೊಂಕಣದ ಕರಾವಳಿಯಿಂದ ಘಟ್ಟ ಹತ್ತಿ, ಈ ಐದೂ ಊರುಗಳ ಮೇಲೆ ಹಾದು, ವಿಜಾಪುರ, ಗುಂಟೂರು, ಮಚಲೀಪಟ್ಟಣಗಳತ್ತ ಸಾಗಿತು.

ಆ ಗ್ರಹಣವನ್ನು ನೋಡಲು ಲಂಡನ್ನಿನ ರಾಯಲ್ ಸೊಸೈಟಿ ಆರಿಸಿಕೊಂಡ ಜಾಗ ಜಮಖಂಡಿ. ಅಥಣಿಯಿಂದ ಕೃಷ್ಣೆ ದಾಟಿದರೆ ಸಿಗುವ ಊರು ಇದು. ಆಗ ಸಂಸ್ಥಾನದ ರಾಜಧಾನಿ. ಅಲ್ಲಿ ದೂರದರ್ಶಕ ಹೂಡಿದವರು ಲೆಫ್ಟಿನೆಂಟ್ ಜಾನ್ ಹರ್ಷೆಲ್. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲರ ಮೊಮ್ಮಗ. ಮಳೆಗಾಲದ ಮೋಡಗಳ ನಡುವೆ ಸಿಕ್ಕ ಅಲ್ಪಸ್ವಲ್ಪ ಅವಕಾಶದಲ್ಲೇ ಅವರು ಸೂರ್ಯನ ಅಂಚಿನಿಂದ ಚಿಮ್ಮುವ ಜ್ವಾಲೆಗಳ ಬೆಳಕನ್ನು ರೋಹಿತದರ್ಶಕದಲ್ಲಿ ಹಾಯಿಸಿ ನೋಡಿದರು. ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸುವ ಉಪಕರಣ ಅದು. ಕಂಡದ್ದು ಕೆಲವೇ ಹೊಳೆಯುವ ಗೆರೆಗಳು. ಜ್ವಾಲೆಗಳು ಕಾದ ಅನಿಲ ಎಂಬುದು ಇದರಿಂದ ಖಚಿತವಾಯಿತು. ಅಂದು ಬೇರೆ ಬೇರೆ ಶಿಬಿರಗಳಲ್ಲಿ ಕಂಡ ಕಿತ್ತಳೆ-ಹಳದಿ ಗೆರೆಯನ್ನು ಸೋಡಿಯಂನದೆಂದೇ ಹಲವರು ಭಾವಿಸಿದ್ದರು. ಅದು ಹೊಸ ಮೂಲವಸ್ತುವಿನದು ಎಂಬುದು ನಂತರ ತಿಳಿಯಿತು. ಅದೇ ಹೀಲಿಯಂ. ಭೂಮಿಯ ಮೇಲೆ ಅದು ದೊರೆತದ್ದು 1895ರಲ್ಲಿ.

ಯಾರ ಕೆಲಸ?

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಹರ್ಷೆಲ್ ವೃತ್ತಿಯಿಂದ ಸೇನೆಯ ಎಂಜಿನಿಯರ್. ಭಾರತದ ಮಹಾ ತ್ರಿಕೋನಮಿತಿ ಸರ್ವೆಯಲ್ಲಿ ಭೂಮಿ ಅಳೆಯುವುದು ಅವರ ಕೆಲಸ. ಆಕಾಶ ನೋಡುವುದನ್ನೇ ಉದ್ಯೋಗ ಮಾಡಿಕೊಂಡ ಭಾರತೀಯರು ಆಗ ಬೆರಳೆಣಿಕೆಯಷ್ಟು. ಅವರಲ್ಲಿ ಪ್ರಮುಖರು ಮದ್ರಾಸ್ ವೀಕ್ಷಣಾಲಯದ ಸಹಾಯಕ ಚಿಂತಾಮಣಿ ರಘುನಾಥಾಚಾರಿ. ಕೆಳಗಿನ ಹುದ್ದೆಯಿಂದ ಮೇಲೇರಿದ ಅವರು ಇದೇ ಗ್ರಹಣಕ್ಕೆ ವನಪರ್ತಿಯಲ್ಲಿ ಒಂದು ತಂಡದ ಮುಂದಾಳಾಗಿದ್ದರು. 1872ರಲ್ಲಿ ಲಂಡನ್ನಿನ ರಾಯಲ್ ಆಸ್ಟ್ರೊನಾಮಿಕಲ್ ಸೊಸೈಟಿಯ ಫೆಲೋ ಆದರು.

ನೆರಳು ಈ ಸೀಮೆಯ ಮೇಲೆ ಬಿದ್ದರೂ ಅದನ್ನು ಅಳೆಯುವ ಕೆಲಸ ಹೊರಗಿನಿಂದ ಬಂದವರದಾಗಿತ್ತು. ಈಗ ಹಾಗಿರಬೇಕಾಗಿಲ್ಲ. ನಿಪ್ಪಾಣಿಯ ಮೇಲೆ ಹಾಯುವ ಪುಣೆ–ಬೆಂಗಳೂರು ಹೆದ್ದಾರಿಯ ಎರಡು ತುದಿಗಳಲ್ಲೂ ದೇಶದ ಪ್ರಮುಖ ಖಗೋಳ ಸಂಸ್ಥೆಗಳಿವೆ.

ಪುಣೆಯಲ್ಲಿರುವುದು ‘ಅಯುಕಾ’, ಅಂದರೆ ಖಗೋಳ ಮತ್ತು ಖಭೌತ ವಿಜ್ಞಾನಗಳ ಅಂತರ ವಿಶ್ವವಿದ್ಯಾಲಯ ಕೇಂದ್ರ. 1988ರಲ್ಲಿ ಇದನ್ನು ಕಟ್ಟಿದ ಜಯಂತ ನಾರಳೀಕರ್ ಹುಟ್ಟಿದ್ದು ನಿಪ್ಪಾಣಿಗೆ ಸುಮಾರು 40 ಕಿ.ಮೀ. ದೂರದ ಕೊಲ್ಹಾಪುರದಲ್ಲಿ, 1938ರಲ್ಲಿ. ಅವರು 2025ರ ಮೇ ತಿಂಗಳಲ್ಲಿ ನಿಧನರಾದರು. ಅವರ ಮರಾಠಿ ಆತ್ಮಕಥೆಗೆ 2014ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಎರಡೂ ಭಾಷೆ ಓದಬಲ್ಲ ಈ ಗಡಿಭಾಗದ ವಿದ್ಯಾರ್ಥಿಗೆ ಅದೊಂದು ಲಾಭವೇ ಸರಿ. ಪುಣೆ ಜಿಲ್ಲೆಯ ಖೋಡದ್ ಬಳಿ, ತಲಾ 45 ಮೀಟರ್ ಅಗಲದ 30 ತಟ್ಟೆಗಳ ಬೃಹತ್ ರೇಡಿಯೋ ದೂರದರ್ಶಕವೂ ಇದೆ.

ಬೆಂಗಳೂರಿನ ಕೋರಮಂಗಲದಲ್ಲಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ, ಸದಾಶಿವನಗರದಲ್ಲಿ ರಾಮನ್ ಸಂಶೋಧನಾ ಸಂಸ್ಥೆ, ಜೊತೆಗೆ ಇಸ್ರೋ ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಇವೆ. ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರ್ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ನಮ್ಮ ಹೊಸಕೋಟೆಯಿಂದ.

ದುರ್ಬೀನಿನಾಚೆಯ ಕೆಲಸಗಳು

ಖಗೋಳ ವಿಜ್ಞಾನಿ ಎಂದರೆ ರಾತ್ರಿಯಿಡೀ ದುರ್ಬೀನಿಗೆ ಕಣ್ಣು ಹಚ್ಚಿ ಕುಳಿತವನು ಎಂಬ ಕಲ್ಪನೆ ಹಳೆಯದಾಯಿತು. ಈಗ ಹೆಚ್ಚಿನ ಕೆಲಸ ಗಣಕಯಂತ್ರದ ಮುಂದೆ. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1 ನೌಕೆಯನ್ನೇ ನೋಡಬಹುದು. ಭೂಮಿಯಿಂದ 15 ಲಕ್ಷ ಕಿ.ಮೀ. ದೂರದಲ್ಲಿರುವ ಅದರ ಮುಖ್ಯ ಉಪಕರಣ ಸೂರ್ಯಬಿಂಬಕ್ಕೆ ತಾನೇ ಮರೆ ಒಡ್ಡಿಕೊಂಡು ಕೃತಕ ಗ್ರಹಣ ಉಂಟುಮಾಡುತ್ತದೆ. 1868ರಲ್ಲಿ ಸುಮಾರು ಐದು ನಿಮಿಷ ದೊರೆತ ನೋಟ ಈಗ ದಿನವೂ ಲಭ್ಯ. ಈ ಉಪಕರಣವನ್ನು ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಕಟ್ಟಿತು. ಭೌತವಿಜ್ಞಾನಿಗಳ ಜೊತೆಗೆ ಮಸೂರ, ಯಂತ್ರ, ಎಲೆಕ್ಟ್ರಾನಿಕ್ಸ್, ಸಾಫ್ಟ್‌ವೇರ್ ಬಲ್ಲ ಎಂಜಿನಿಯರುಗಳೂ ತಂತ್ರಜ್ಞರೂ ಇಲ್ಲದೆ ಇಂಥ ಕೆಲಸ ಸಾಗದು. ಆದ್ದರಿಂದ ಈ ಕ್ಷೇತ್ರದ ಬಾಗಿಲು ಎಂ.ಎಸ್ಸಿ. ಓದಿದವರಿಗೆ ಮಾತ್ರವಲ್ಲ, ಬಿ.ಇ. ಹಾಗೂ ಡಿಪ್ಲೊಮಾ ಓದಿದವರಿಗೂ ತೆರೆದಿದೆ.

ಮುಂದೆಯೂ ಕೆಲಸ ಹುಟ್ಟುವ ಲಕ್ಷಣಗಳಿವೆ. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಗುರುತ್ವ ಅಲೆಗಳನ್ನು ಹಿಡಿಯುವ ಲೈಗೋ-ಇಂಡಿಯಾ ಯೋಜನೆಗೆ ಕೇಂದ್ರ ಸರ್ಕಾರ 2023ರ ಏಪ್ರಿಲ್‌ನಲ್ಲಿ ಸುಮಾರು 2,600 ಕೋಟಿ ರೂಪಾಯಿ ಮಂಜೂರು ಮಾಡಿತು. ದಕ್ಷಿಣ ಆಫ್ರಿಕಾ ಮತ್ತು ಆಸ್ಟ್ರೇಲಿಯಾಗಳಲ್ಲಿ ಏಳುತ್ತಿರುವ ಚದರ ಕಿಲೋಮೀಟರ್ ರೇಡಿಯೋ ದೂರದರ್ಶಕ ಯೋಜನೆಯಲ್ಲೂ ಭಾರತ ಪಾಲುದಾರ.

ದಾರಿ ಹೇಗೆ?

ಪಿಯುಸಿಯಲ್ಲಿ ಭೌತವಿಜ್ಞಾನ ಮತ್ತು ಗಣಿತ ಇರಲೇಬೇಕು. ಆಮೇಲೆ ಎರಡು ದಾರಿಗಳಿವೆ. ಪ್ರವೇಶ ಪರೀಕ್ಷೆ ಬರೆದು ಭಾರತೀಯ ವಿಜ್ಞಾನ ಸಂಸ್ಥೆ, ಐಸರ್ ಅಥವಾ ತಿರುವನಂತಪುರದ ಬಾಹ್ಯಾಕಾಶ ತಂತ್ರಜ್ಞಾನ ಸಂಸ್ಥೆ ಸೇರುವುದು ಒಂದು. ತಾಲ್ಲೂಕಿನ ಕಾಲೇಜಿನಲ್ಲೇ ಬಿ.ಎಸ್ಸಿ. ಮುಗಿಸಿ, ಬೆಳಗಾವಿ ಅಥವಾ ಧಾರವಾಡದಲ್ಲಿ ಭೌತವಿಜ್ಞಾನದ ಎಂ.ಎಸ್ಸಿ. ಮಾಡುವುದು ಇನ್ನೊಂದು. ಎರಡನೆಯ ದಾರಿ ಕೀಳಲ್ಲ. ಪಿಎಚ್.ಡಿ. ಬಾಗಿಲಲ್ಲಿ ಜೆಸ್ಟ್, ನೆಟ್, ಗೇಟ್ ಇಲ್ಲವೇ ಪುಣೆಯ ಸಂಸ್ಥೆಗಳದೇ ಪರೀಕ್ಷೆ ಎಲ್ಲರಿಗೂ ಕಾದಿರುತ್ತದೆ. ಅಲ್ಲಿ ತೂಗುವುದು ಗಣಿತ ಮತ್ತು ಭೌತವಿಜ್ಞಾನದ ತಿಳಿವಳಿಕೆ.

ಪದವಿ ಓದುವಾಗಲೇ ಬೇಸಿಗೆ ಶಿಬಿರಗಳಿಗೆ ಅರ್ಜಿ ಹಾಕಬಹುದು. ಪ್ರೌಢಶಾಲೆ ಮತ್ತು ಪಿಯುಸಿ ಮಕ್ಕಳಿಗೆ ಖಗೋಳ ಒಲಿಂಪಿಯಾಡ್ ಇದೆ. 2025ರ ಅಂತರರಾಷ್ಟ್ರೀಯ ಸ್ಪರ್ಧೆ ಮುಂಬಯಿಯಲ್ಲೇ ನಡೆಯಿತು. ಕಾಲೇಜು ಅಧ್ಯಾಪಕರು ಬಂದು ಸಂಶೋಧನೆ ಮಾಡಿ ಹೋಗಲು ಅಯುಕಾದಲ್ಲಿ ಸಂದರ್ಶಕ ಸಹಸದಸ್ಯತ್ವದ ಏರ್ಪಾಡು ಇದೆ. ಸಣ್ಣ ಊರಿನ ಒಬ್ಬ ಅಧ್ಯಾಪಕ ಇದನ್ನು ಬಳಸಿಕೊಂಡರೆ ಅವರ ಹಿಂದೆ ಹತ್ತು ವಿದ್ಯಾರ್ಥಿಗಳಿಗೆ ದಾರಿ ಕಂಡೀತು.

ಕಹಿ ಮಾತೂ ಇದೆ

ಆದರೆ ಮನೆಯವರು ಕೇಳುವ ಪ್ರಶ್ನೆ ಬೇರೆ: ಹೊಟ್ಟೆಪಾಡು ಹೇಗೆ? ಪಿಎಚ್.ಡಿ.ಗೆ ಐದಾರು ವರ್ಷ ಬೇಕು. ಆ ಅವಧಿಯಲ್ಲಿ ಶಿಷ್ಯವೇತನ ಉಂಟು. 2023ರ ಪರಿಷ್ಕರಣೆಯಂತೆ ಕೇಂದ್ರದ ಫೆಲೋಶಿಪ್ ಮೊದಲು ತಿಂಗಳಿಗೆ 37,000, ಅನಂತರ 42,000 ರೂಪಾಯಿ. ಅದು ಮುಗಿದ ಮೇಲೆ ಎರಡು ಮೂರು ವರ್ಷಗಳ ತಾತ್ಕಾಲಿಕ ಸಂಶೋಧನಾ ಹುದ್ದೆಗಳು, ಅದೂ ಬಹುಪಾಲು ಹೊರದೇಶಗಳಲ್ಲಿ. ಅಮೆರಿಕದ ಖಗೋಳ ಸಂಘ ಪ್ರಕಟಿಸುವ ಉದ್ಯೋಗ ಪಟ್ಟಿಯನ್ನು ಜಗತ್ತಿನ ಎಲ್ಲೆಡೆಯ ಅಭ್ಯರ್ಥಿಗಳೂ ಕಾಯುತ್ತಾರೆ. ಕಾಯಂ ಹುದ್ದೆ ಸಿಗುವ ಹೊತ್ತಿಗೆ ವಯಸ್ಸು ಮೂವತ್ತೈದರ ಆಸುಪಾಸು. ಎಲ್ಲರಿಗೂ ಅದು ಸಿಗುವುದಿಲ್ಲ. ಸಾಲ ಮಾಡಿ ಮಗಳನ್ನು ಓದಿಸುವ ರೈತ ಕುಟುಂಬ ಇದನ್ನು ಮೊದಲೇ ತಿಳಿದಿರುವುದು ಒಳಿತು.

ಹಾಗೆಂದು ಕಲಿತದ್ದು ವ್ಯರ್ಥವಾಗದು. ಅಪಾರ ಅಂಕಿಅಂಶಗಳನ್ನು ಜಾಲಾಡುವ, ಸೂಕ್ಷ್ಮ ಉಪಕರಣ ಕಟ್ಟುವ ಪರಿಣತಿಗೆ ಸಾಫ್ಟ್‌ವೇರ್, ಉಪಗ್ರಹ, ವೈದ್ಯಕೀಯ ಚಿತ್ರಣದಂಥ ರಂಗಗಳಲ್ಲಿ ಬೆಲೆಯಿದೆ. ಅಧ್ಯಾಪನ, ತಾರಾಲಯ, ವಿಜ್ಞಾನ ಬರವಣಿಗೆಗಳೂ ಉಂಟು. ಹಾನ್ಲೆಯಲ್ಲಂತೂ ಹಳ್ಳಿಯ ಯುವಕ ಯುವತಿಯರೇ ತರಬೇತಿ ಪಡೆದು ಪ್ರವಾಸಿಗರಿಗೆ ದೂರದರ್ಶಕದಲ್ಲಿ ನಕ್ಷತ್ರ ತೋರಿಸಿ ಸಂಪಾದಿಸುತ್ತಿದ್ದಾರೆ.

ಈ ಐದು ತಾಲ್ಲೂಕುಗಳ ವಿದ್ಯಾರ್ಥಿಗಳಿಗೆ ಬುದ್ಧಿಯ ಕೊರತೆ ಇಲ್ಲ. ಸಕಾಲದಲ್ಲಿ ಮಾಹಿತಿ ಸಿಗುವುದೇ ಕಡಿಮೆ. ಒಲಿಂಪಿಯಾಡಿನ ಅರ್ಜಿ, ಬೇಸಿಗೆ ಶಿಬಿರದ ಕೊನೆಯ ದಿನಾಂಕ, ಜೆಸ್ಟ್ ಪರೀಕ್ಷೆಯ ಪ್ರಕಟಣೆ – ಈ ಮೂರು ಕಾಗದಗಳು ಪ್ರತಿ ವರ್ಷ ಕಾಲೇಜಿನ ಸೂಚನಾ ಫಲಕದಲ್ಲಿ ಕಂಡರೂ ಸಾಕು, ಎಷ್ಟೋ ಮಕ್ಕಳಿಗೆ ದಾರಿಯ ಆರಂಭ ಸಿಕ್ಕೀತು. ಅದಕ್ಕೆ ಬೇಕಾದ ಖರ್ಚು ನಾಲ್ಕು ಗುಂಡುಸೂಜಿ ಮಾತ್ರ.