ಕಂಬ ಬಿದ್ದ ಮೇಲೆ ದುಡ್ಡು ಬರತ್ತೆ, ಬೀಳೋಕ್ಕೆ ಮುಂಚೆ ಯಾಕೆ ಬರಲ್ಲ?

ಇವತ್ತಿನ ಮಾತು ಕರೆಂಟಿನ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಕರೆಂಟಿನ ದುಡ್ಡಿನ ಬಗ್ಗೆ. ಮಳೆ, ಗಾಳಿ, ಪ್ರವಾಹ ಬಂದಾಗ ನಮ್ಮ ಬಡಾವಣೆಯ ವಿದ್ಯುತ್ ಜಾಲ ತಡ್ಕೊಂಡು ನಿಲ್ಲಬೇಕು ಅಂದ್ರೆ ಖರ್ಚಾಗತ್ತೆ. ಆ ಖರ್ಚನ್ನ ಸರ್ಕಾರ ಯಾವ ಜೇಬಿನಿಂದ ಕೊಡತ್ತೆ, ಯಾವಾಗ ಕೊಡತ್ತೆ ಅನ್ನೋದನ್ನ ಬಿಡಿಸಿ ನೋಡೋಣ.

ನಾನಿರೋದು ಹೈದರಾಬಾದಿನ ಜೀಡಿಮೆಟ್ಲಾದಲ್ಲಿ. ಊರು ಬೀದರ್ ಕಡೆ. ಎಂಟೆಕ್‌ನಲ್ಲಿ ಓದಿದ್ದು ಪವರ್ ಸಿಸ್ಟಮ್ಸ್, ಹೊಟ್ಟೆಪಾಡಿಗೆ ಮಾಡೋದು ಸಾಫ್ಟ್‌ವೇರ್. ಓದಿದ್ದನ್ನ ಸುಮಾರು ಮರೆತೇ ಬಿಟ್ಟಿದ್ದೆ. 2020ರ ಅಕ್ಟೋಬರ್ ಮತ್ತೆ ನೆನಪು ಮಾಡಿಸ್ತು.

ನಮ್ಮ ಸೆಲ್ಲಾರ್‌ನ ಕಥೆ

2020ರ ಅಕ್ಟೋಬರ್ 13ರ ರಾತ್ರಿ ನೆನಪಿದೆಯಲ್ಲ? 24 ಗಂಟೆಯಲ್ಲಿ ಹೈದರಾಬಾದಿಗೆ ಸುಮಾರು 19 ಸೆಂಟಿಮೀಟರ್ ಮಳೆ. ಜೀಡಿಮೆಟ್ಲಾದ ಫಾಕ್ಸ್ ಸಾಗರ್ ಕೆರೆ ತುಂಬಿ ಉಮಾಮಹೇಶ್ವರ ಕಾಲೋನಿಯೊಳಗೆ ನೀರು ನುಗ್ತು. ಅಲ್ಲಿ ವಾರಗಟ್ಟಲೆ ನೀರು ಇಳೀಲೇ ಇಲ್ಲ. ನಮ್ಮ ಅಪಾರ್ಟ್‌ಮೆಂಟ್ ಅಲ್ಲಿಂದ ಸ್ವಲ್ಪ ದೂರ, ಆದ್ರೂ ಸೆಲ್ಲಾರ್‌ನಲ್ಲಿ ಎದೆಮಟ್ಟ ನೀರು. ಮೀಟರ್ ಪ್ಯಾನೆಲ್ ಇದ್ದದ್ದು ಅದೇ ಸೆಲ್ಲಾರ್‌ನಲ್ಲಿ. ಜನರೇಟರ್ ಕೂಡ ಅಲ್ಲೇ.

ಮುನ್ನೆಚ್ಚರಿಕೆಗೆ ಇಡೀ ಬೀದಿಯ ಕರೆಂಟ್ ತೆಗೆದ್ರು. ಅದು ಸರಿಯಾದ ಕೆಲಸ, ನೀರಲ್ಲಿ ಕರೆಂಟ್ ಇದ್ದಿದ್ರೆ ಜೀವ ಹೋಗ್ತಿತ್ತು. ಮೂರನೇ ದಿನ ಬೀದಿಗೆ ಕರೆಂಟ್ ವಾಪಸ್ ಬಂತು. ನಮ್ಮ ಬಿಲ್ಡಿಂಗ್‌ಗೆ ಬಂದದ್ದು ಆರನೇ ದಿನ, ಯಾಕಂದ್ರೆ ಪ್ಯಾನೆಲ್ ನೆನೆದು ಹಾಳಾಗಿತ್ತು. ಎರಡನೇ ಮಹಡಿಯಲ್ಲಿ ಒಬ್ಬ ಹಿರಿಯರು ಆಕ್ಸಿಜನ್ ಕಾನ್ಸಂಟ್ರೇಟರ್ ಮೇಲಿದ್ರು. ಅವರನ್ನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಎತ್ಕೊಂಡು ಎರಡು ಬೀದಿ ಆಚೆಗಿನ ಸಂಬಂಧಿಕರ ಮನೆಗೆ ಸೇರಿಸಿದ್ವಿ. ಅಲ್ಲಿ ದೀಪ ಉರೀತಿತ್ತು. ಅದೇ ಮಳೆ, ಅದೇ ಏರಿಯಾ, ಆದ್ರೆ ಬೇರೆ ಫೀಡರ್.

ಆಮೇಲೆ ಅಸೋಸಿಯೇಷನ್ ಮೀಟಿಂಗ್ ಆಯ್ತು. ಪ್ಯಾನೆಲ್ ರಿಪೇರಿಗೆ ದುಡ್ಡು ಹತ್ತೇ ನಿಮಿಷದಲ್ಲಿ ಒಪ್ಪಿಗೆ. "ಹೇಗೂ ಬಿಚ್ಚಿದ್ದೀವಿ, ಸೆಲ್ಲಾರ್‌ನಿಂದ ಮೇಲೆ ತಂದುಬಿಡೋಣ" ಅಂತ ನಾನು ಅಂದೆ. ಒಂದು ಗಂಟೆ ಚರ್ಚೆ ಆಗಿ "ಮುಂದೆ ನೋಡೋಣ" ಅಂತ ನಿಂತ್ತು. ಹೊಸ ಪ್ಯಾನೆಲ್ ಹಳೇ ಗೋಡೆಗೇ ಕೂತ್ತು. ಯಾರೂ ಕೆಟ್ಟವರಲ್ಲ. ಮುರಿದ ವಸ್ತು ಎದುರಿಗಿದ್ರೆ ಜೇಬಿಗೆ ಕೈ ಹೋಗತ್ತೆ. ಇನ್ನೂ ಮುರಿಯದೇ ಇರೋದಕ್ಕೆ ಹೋಗಲ್ಲ. ಸರ್ಕಾರದ ಮಟ್ಟದಲ್ಲಿ ನಡೆಯೋದೂ ಹೆಚ್ಚುಕಡಿಮೆ ಇದೇ ಮೀಟಿಂಗ್, ದೊಡ್ಡ ಅಂಕಿಗಳ ಜೊತೆ.

ಜಾಲ ಎಲ್ಲಿ ಸೋಲತ್ತೆ?

ದುಡ್ಡಿಗೆ ಹೋಗೋ ಮುಂಚೆ ಒಂದು ಚಿಕ್ಕ ಚಿತ್ರ ತಲೆಯಲ್ಲಿರಲಿ. ದೊಡ್ಡ ಲೈನ್‌ಗಳಿಂದ 33 ಕೆವಿ ಬರತ್ತೆ. ಸಬ್‌ಸ್ಟೇಷನ್‌ನಲ್ಲಿ ಅದು 11 ಕೆವಿ ಆಗತ್ತೆ. ಅಲ್ಲಿಂದ ಫೀಡರ್‌ಗಳು ಬೀದಿಬೀದಿಗೆ ಹೋಗತ್ವೆ. ಬೀದಿ ಕೊನೆಯ ಟ್ರಾನ್ಸ್‌ಫಾರ್ಮರ್ ಅದನ್ನ 415 ವೋಲ್ಟ್‌ಗೆ ಇಳಿಸತ್ತೆ. ಮೇಲಿನ ದೊಡ್ಡ ಜಾಲದಲ್ಲಿ ಒಂದು ದಾರಿ ಕೆಟ್ಟರೆ ಇನ್ನೊಂದು ದಾರಿ ಇರತ್ತೆ. ಕೆಳಗೆ ಬರ್ತಾ ಬರ್ತಾ ಮರದ ಕೊಂಬೆ ಹಾಗೆ ಒಂದೇ ದಾರಿ ಉಳಿಯತ್ತೆ. ಕೊಂಬೆ ಮುರಿದ್ರೆ ಅದರ ಎಲೆಗಳೆಲ್ಲ ಕತ್ತಲು. ಸಾಫ್ಟ್‌ವೇರ್‌ನವರು ಇದಕ್ಕೆ ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್ ಅಂತೀವಿ.

ಜೀಡಿಮೆಟ್ಲಾ ಅಂದ್ರೆ ಬರೀ ಮನೆಗಳಲ್ಲ. ಔಷಧಿ, ರಾಸಾಯನಿಕ, ಪ್ಲಾಸ್ಟಿಕ್, ಎರಕದ ಕೆಲಸ ಮಾಡೋ ನೂರಾರು ಘಟಕಗಳಿವೆ. ರಿಯಾಕ್ಟರ್‌ನಲ್ಲಿ ಕಲಕೋ ಮೋಟರ್, ತಂಪು ಮಾಡೋ ಪಂಪು ನಿಂತ್ರೆ ಒಳಗಿನ ಬಿಸಿ ಏರತ್ತೆ. ಅಲ್ಲಿ ಕರೆಂಟ್ ಅನ್ನೋದು ಸುರಕ್ಷತೆಯ ಪ್ರಶ್ನೆ.

ದುಡ್ಡು ಬರೋ ಜೇಬುಗಳು

ಮೊದಲನೇ ಜೇಬು ರಾಜ್ಯ ವಿಪತ್ತು ನಿಧಿ. 15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ಎಲ್ಲ ರಾಜ್ಯಗಳಿಗೆ ಸೇರಿಸಿ ಇದಕ್ಕೆ 1,60,153 ಕೋಟಿ ರೂಪಾಯಿ ಲೆಕ್ಕ ಹಾಕ್ತು. ಕರ್ನಾಟಕ, ತೆಲಂಗಾಣದಂಥ ರಾಜ್ಯಗಳಲ್ಲಿ ಕೇಂದ್ರದ ಪಾಲು 75%, ರಾಜ್ಯದ್ದು 25%. ಒಟ್ಟು ಹಣದಲ್ಲಿ 80% ಪರಿಹಾರ, ಪುನರ್ನಿರ್ಮಾಣ, ಸಿದ್ಧತೆಗೆ. 20% ಮಾತ್ರ ಮುಂಚೆಯೇ ಅಪಾಯ ತಗ್ಗಿಸೋ ಕೆಲಸಕ್ಕೆ. ಆ 20% ಅನ್ನ ಪ್ರತ್ಯೇಕ ನಿಧಿ ಮಾಡಿದ್ದೇ ದೊಡ್ಡ ಹೆಜ್ಜೆ ಅನ್ನಿ. ಆದ್ರೆ ಅದಕ್ಕೆ ಒಡ್ಡು, ಕೆರೆ, ಗುಡ್ಡ ಕುಸಿತ ಎಲ್ಲವೂ ಕ್ಯೂನಲ್ಲಿ ನಿಂತಿರತ್ವೆ.

ಈಗ 80% ಕಡೆ ನೋಡಿ. 2015-20ರ ಮಾನದಂಡದಲ್ಲಿ ಹಾನಿಯಾದ ಒಂದು ಕಂಬಕ್ಕೆ 4,000 ರೂಪಾಯಿ, ಒಂದು ಕಿಲೋಮೀಟರ್ ತಂತಿಗೆ 50,000, ಒಂದು ಟ್ರಾನ್ಸ್‌ಫಾರ್ಮರ್‌ಗೆ 1 ಲಕ್ಷ ಅಂತ ದರ ಇತ್ತು, ಅದೂ 11 ಕೆವಿವರೆಗಿನ ಜಾಲಕ್ಕೆ. ದರ ಸಾಕೋ ಬೇಡವೋ ಅನ್ನೋದು ಬೇರೆ ಮಾತು. ಇಲ್ಲಿ ಎಣಿಸ್ತಿರೋ ಘಟಕ ಯಾವುದು ನೋಡಿ: ಬಿದ್ದ ಕಂಬ. ಬೀಳದೇ ನಿಂತ ಕಂಬಕ್ಕೆ ಈ ಪಟ್ಟಿಯಲ್ಲಿ ಸಾಲೇ ಇಲ್ಲ.

ಎರಡನೇ ಜೇಬು ನಗರ ಪ್ರವಾಹ. ಅದೇ ಆಯೋಗ ಏಳು ದೊಡ್ಡ ನಗರಗಳಿಗೆ 2,500 ಕೋಟಿ ಎತ್ತಿಟ್ಟಿತು. ಮುಂಬೈ, ಚೆನ್ನೈ, ಕೋಲ್ಕತ್ತಾಗೆ ತಲಾ 500 ಕೋಟಿ. ಬೆಂಗಳೂರು, ಹೈದರಾಬಾದ್, ಅಹಮದಾಬಾದ್, ಪುಣೆಗೆ ತಲಾ 250. ಹೈದರಾಬಾದ್ ಪಾಲಿಕೆಯೂ 2021ರಲ್ಲಿ ನಾಲಾ ಅಭಿವೃದ್ಧಿ ಯೋಜನೆ ಶುರು ಮಾಡ್ತು, ಮೊದಲ ಹಂತಕ್ಕೆ ಸುಮಾರು 985 ಕೋಟಿ. ಇವೆಲ್ಲ ನೀರಿನ ದಾರಿಗೆ. ನೀರು ಸರಿಯಾಗಿ ಹರಿದ್ರೆ ಟ್ರಾನ್ಸ್‌ಫಾರ್ಮರ್ ಕೂಡ ಉಳಿಯತ್ತೆ, ನಿಜ. ಆದ್ರೆ ಕಾಲುವೆಯ ನಕ್ಷೆಯನ್ನೂ ಫೀಡರ್ ನಕ್ಷೆಯನ್ನೂ ಒಂದರ ಮೇಲೊಂದು ಇಟ್ಟು ನೋಡಿದಾಗ ಮಾತ್ರ ಯಾವುದು ಮೊದಲು ಮುಳುಗತ್ತೆ ಅಂತ ಗೊತ್ತಾಗೋದು.

ಮೂರನೇ ಜೇಬು ವಿದ್ಯುತ್ ವಿತರಣೆಯದ್ದೇ. 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಆರ್‌ಡಿಎಸ್‌ಎಸ್ ಯೋಜನೆ. ಗಾತ್ರ 3,03,758 ಕೋಟಿ, ಅದರಲ್ಲಿ ಕೇಂದ್ರ ಬಜೆಟ್ಟಿನ ಪಾಲು 97,631 ಕೋಟಿ. ಆರಂಭದ ವರ್ಷಗಳಲ್ಲಿ ತೆಲಂಗಾಣ ಇದರ ಹೊರಗೇ ಇತ್ತು. ಯೋಜನೆಯ ಅಳತೆಗೋಲು ಎರಡು: ಕೊಂಡ ಕರೆಂಟಿನಲ್ಲಿ ಎಷ್ಟು ಸೋರಿಹೋಗತ್ತೆ, ಮತ್ತೆ ಪ್ರತಿ ಯೂನಿಟ್‌ಗೆ ಖರ್ಚಿಗೂ ಆದಾಯಕ್ಕೂ ಎಷ್ಟು ಅಂತರ. ನಷ್ಟವನ್ನ 12-15 ಶೇಕಡಕ್ಕೆ ಇಳಿಸೋದು ಗುರಿ. ಒಳ್ಳೇ ಗುರಿಯೇ. ಆದ್ರೆ "ಪ್ರವಾಹ ಬಂದ ಮೇಲೆ ಎಷ್ಟು ಗಂಟೆಯಲ್ಲಿ ಕರೆಂಟ್ ವಾಪಸ್ ಬಂತು" ಅನ್ನೋದು ಆ ಎರಡರಲ್ಲಿ ಇಲ್ಲ.

ನಾಲ್ಕನೇ ಜೇಬು ನಮ್ಮದೇ, ಅಂದ್ರೆ ತಿಂಗಳ ಬಿಲ್ಲು. ವಿತರಣಾ ಕಂಪನಿ ಎಷ್ಟು ಬಂಡವಾಳ ಹಾಕಬಹುದು, ಅದನ್ನ ದರದಲ್ಲಿ ಎಷ್ಟು ಸೇರಿಸಬಹುದು ಅಂತ ತೀರ್ಮಾನಿಸೋದು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ.

ಕೆಟ್ಟ ದಿನಗಳೇ ಲೆಕ್ಕಕ್ಕಿಲ್ಲ

ನನಗೆ ಅತಿ ವಿಚಿತ್ರ ಅನ್ನಿಸಿದ್ದು ಇದು. ಒಬ್ಬ ಗ್ರಾಹಕನಿಗೆ ವರ್ಷಕ್ಕೆ ಸರಾಸರಿ ಎಷ್ಟು ಹೊತ್ತು ಕರೆಂಟ್ ಹೋಯ್ತು ಅಂತ ಅಳೆಯೋಕೆ ಸೈಡಿ ಅನ್ನೋ ಸೂಚ್ಯಂಕ ಇದೆ. ಚಂಡಮಾರುತ, ಪ್ರವಾಹದಂಥ ದಿನಗಳಿಗೆ ಸೇವಾ ಮಾನದಂಡಗಳಲ್ಲಿ ವಿನಾಯಿತಿ ಇರತ್ತೆ. ಅಮೆರಿಕದಲ್ಲೂ ಇಂಥ ದಿನಗಳನ್ನ ಬೇರೆ ಇಟ್ಟು ಲೆಕ್ಕ ಹಾಕೋ ಪದ್ಧತಿ ಇದೆ. ಕಾರಣ ಅರ್ಥ ಆಗತ್ತೆ, ಪ್ರಕೃತಿ ವಿಕೋಪಕ್ಕೆ ಲೈನ್‌ಮ್ಯಾನ್‌ಗೆ ದಂಡ ಹಾಕೋಕ್ಕಾಗಲ್ಲ. ಆದ್ರೆ ಪರಿಣಾಮ ಏನು? ಸರ್ವರ್ ಬಿದ್ದ ದಿನಗಳನ್ನ ಬಿಟ್ಟು ನಮ್ಮ ಸರ್ವರ್ ನೂರಕ್ಕೆ ನೂರು ನಡೀತು ಅಂದ ಹಾಗೆ. ದಂಡಕ್ಕೆ ವಿನಾಯಿತಿ ಕೊಡಿ, ಎಣಿಕೆಗೆ ಕೊಡಬೇಡಿ. ಎಣಿಸದೇ ಇದ್ರೆ "ಈ ಹಣದಿಂದ ಇಷ್ಟು ಗಂಟೆ ಕತ್ತಲು ಕಮ್ಮಿ ಆಗತ್ತೆ" ಅಂತ ಯಾವ ಎಂಜಿನಿಯರೂ ಪ್ರಸ್ತಾವ ಬರೆಯೋಕಾಗಲ್ಲ.

ಹಣ ಸಿಕ್ಕರೆ ಏನು ಮಾಡಬೇಕು?

ಎಲ್ಲಕ್ಕೂ "ಕೇಬಲ್ ನೆಲದಡಿ ಹಾಕಿ" ಅನ್ನೋದು ಉತ್ತರ ಅಲ್ಲ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣದ ಕಂಬ ತಂತಿ ಎಲ್ಲ ಕೆಡವ್ತು. ಮರುವರ್ಷ ವಿಶ್ವಬ್ಯಾಂಕಿನ 25 ಕೋಟಿ ಡಾಲರ್ ಸಾಲದ ಪುನಶ್ಚೇತನ ಯೋಜನೆ ಬಂತು, ಅದರಲ್ಲಿ ನಗರಕ್ಕೆ ನೆಲದಡಿ ಕೇಬಲ್ ಹಾಕೋದೂ ಸೇರಿತ್ತು. ಗಾಳಿಯ ಊರಿಗೆ ಅದು ಸರಿ. ನೀರು ನಿಲ್ಲೋ ಊರಲ್ಲಿ ಕೇಬಲ್‌ನ ಜೋಡಣೆಗೆ ನೀರು ಇಳಿದ್ರೆ ದೋಷ ಎಲ್ಲಿದೆ ಅಂತ ಹುಡುಕೋದೇ ಕಷ್ಟ.

ನಮ್ಮಂಥ ಕಡೆ ಬೇಕಾದ್ದು ಎರಡು. ಒಂದು, ಎತ್ತರ: ಟ್ರಾನ್ಸ್‌ಫಾರ್ಮರ್, ಸ್ವಿಚ್‌ಗೇರ್, ಪ್ಯಾನೆಲ್ ಎಲ್ಲವೂ ಹಿಂದಿನ ಪ್ರವಾಹದ ಗುರುತಿಗಿಂತ ಮೇಲೆ. ಎರಡು, ಇನ್ನೊಂದು ದಾರಿ: ಎರಡು ಫೀಡರ್‌ಗಳ ತುದಿ ಜೋಡಿಸಿ ನಡುವೆ ಸ್ವಿಚ್ ಇಟ್ಟರೆ ಮುಳುಗಿದ ತುಂಡನ್ನ ಮಾತ್ರ ಬೇರ್ಪಡಿಸಿ ಉಳಿದವರಿಗೆ ಆಚೆ ಕಡೆಯಿಂದ ಕರೆಂಟ್ ಕೊಡಬಹುದು.

ಎತ್ತರದ ಮಹತ್ವಕ್ಕೆ ಕರ್ನಾಟಕದ್ದೇ ಉದಾಹರಣೆ ಇದೆ. 2022ರ ಸೆಪ್ಟೆಂಬರ್‌ನಲ್ಲಿ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿ ಪಂಪ್‌ಹೌಸ್‌ಗೆ ಮಳೆ ನೀರು ನುಗ್ಗಿ ಬೆಂಗಳೂರಿಗೆ ಕಾವೇರಿ ನೀರೇ ನಿಂತುಹೋಯ್ತು. ನೂರು ಕಿಲೋಮೀಟರ್ ಆಚೆ ಯಂತ್ರ ನೆನೆದ್ರೆ ಇಲ್ಲಿ ನಲ್ಲಿ ಒಣಗತ್ತೆ.

ಅಮೆರಿಕದ್ದು ಒಂದು ಮಾತು ಹೇಳಿ ಮುಗಿಸ್ತೀನಿ. 2021ರ ಮೂಲಸೌಕರ್ಯ ಕಾನೂನಿನಲ್ಲಿ ಅವರು ಜಾಲದ ತಾಳಿಕೆಗೆ ಅಂತಲೇ ರಾಜ್ಯಗಳಿಗೆ ಸೂತ್ರದ ಪ್ರಕಾರ ಅನುದಾನ ಇಟ್ಟರು. ಹಣ ಪಡೆಯೋ ದೊಡ್ಡ ಕಂಪನಿ ಅಷ್ಟೇ ಹಣ ತಾನೂ ಹಾಕಬೇಕು, ಚಿಕ್ಕದಾದ್ರೆ ಮೂರನೇ ಒಂದು ಭಾಗ. ನನಗೆ ಹಿಡಿಸಿದ್ದು ಇನ್ನೊಂದು ಷರತ್ತು: ಯಾವುದಕ್ಕೆ ಖರ್ಚು ಮಾಡ್ತೀವಿ, ಯಾವ ಅಳತೆಯಿಂದ ನೋಡ್ತೀವಿ ಅಂತ ರಾಜ್ಯ ಮೊದಲೇ ಸಾರ್ವಜನಿಕ ಸಭೆಯಲ್ಲಿ ಹೇಳಬೇಕು.

ನಮ್ಮ ಕೈಲಿ ಏನಿದೆ?

ಸಭೆ ನಮ್ಮಲ್ಲೂ ಇದೆ. 2003ರ ವಿದ್ಯುತ್ ಕಾಯ್ದೆಯ 64ನೇ ಸೆಕ್ಷನ್ ಪ್ರಕಾರ ದರದ ಅರ್ಜಿಯನ್ನ ಪ್ರಕಟಿಸಬೇಕು, ಜನರ ಆಕ್ಷೇಪಣೆ ಕೇಳಿ 120 ದಿನದೊಳಗೆ ತೀರ್ಮಾನ ಕೊಡಬೇಕು. ಯಾರು ಬೇಕಾದ್ರೂ ಬರೆದುಕೊಡಬಹುದು. ದರ ಏರಿಸಬೇಡಿ ಅನ್ನೋದರ ಜೊತೆಗೆ ಮೂರು ಪ್ರಶ್ನೆ ಸೇರಿಸಿ. ನಮ್ಮ ಏರಿಯಾದಲ್ಲಿ ಪ್ರವಾಹದ ಗುರುತಿಗಿಂತ ಕೆಳಗೆ ಎಷ್ಟು ಟ್ರಾನ್ಸ್‌ಫಾರ್ಮರ್ ಇವೆ? ಎಷ್ಟು ಫೀಡರ್‌ಗೆ ಎರಡನೇ ದಾರಿ ಇದೆ? ವಿನಾಯಿತಿ ಕೊಟ್ಟ ದಿನಗಳನ್ನೂ ಸೇರಿಸಿದ್ರೆ ಕತ್ತಲಿನ ಗಂಟೆ ಎಷ್ಟು?

ನಮ್ಮ ಅಪಾರ್ಟ್‌ಮೆಂಟಿನ ಪ್ಯಾನೆಲ್ ಏನಾಯ್ತು ಅಂತೀರಾ? ಎರಡು ವರ್ಷ ನಾನು ಸರ್ಕ್ಯೂಟ್, ಖರ್ಚು, ಎಲ್ಲ ವಿವರಿಸ್ತಾ ಇದ್ದೆ, ಯಾರೂ ಕೇಳಲಿಲ್ಲ. ಒಂದು ಸಲ ಬರೀ ಒಂದು ಕೆಲಸ ಮಾಡಿದೆ. 2020ರ ನೀರಿನ ಮಟ್ಟಕ್ಕೆ ಸೆಲ್ಲಾರ್ ಕಂಬದ ಮೇಲೆ ಕೆಂಪು ಪೇಂಟಿನ ಗೆರೆ ಎಳೆದೆ. ಪ್ಯಾನೆಲ್ ಆ ಗೆರೆಗಿಂತ ಎರಡೂವರೆ ಅಡಿ ಕೆಳಗಿತ್ತು. ದಿನಾ ಕಾರು ತೆಗೆಯೋವಾಗ ಎಲ್ಲರಿಗೂ ಕಾಣ್ತಿತ್ತು. ಆ ಬೇಸಿಗೆಯ ಮೀಟಿಂಗ್‌ನಲ್ಲಿ ಪ್ಯಾನೆಲ್ ಮೇಲೆ ತರೋ ಮಾತು ಎತ್ತಿದ್ದು ನಾನಲ್ಲ, ಎರಡನೇ ಮಹಡಿಯ ಆ ಹಿರಿಯರ ಮಗಳು. ಈಗ ಅದು ನೆಲಮಹಡಿಯಲ್ಲಿ, ಗೆರೆಗಿಂತ ಮೇಲಿದೆ. ಜನರೇಟರ್ ಇನ್ನೂ ಕೆಳಗೇ ಇದೆ, ಅದಕ್ಕೆ ಈ ವರ್ಷ ದುಡ್ಡು ಕೂಡಿಸ್ತಿದ್ದೀವಿ.

ನಿಮ್ಮ ಬಿಲ್ಡಿಂಗ್‌ನ ಪ್ಯಾನೆಲ್ ಎಲ್ಲಿದೆ ಅಂತ ಇವತ್ತು ಸಂಜೆ ಒಂದ್ಸಲ ಇಳಿದು ನೋಡಿ.