ತಂಬೂರಿಯ ಶ್ರುತಿ, ಪ್ಲಗಿನ್ನಿನ ಕರಾರು

ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಮಂಟೇಸ್ವಾಮಿ ಪರಂಪರೆಯ ದೊಡ್ಡ ಕ್ಷೇತ್ರ. ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರು ತಂಬೂರಿಯನ್ನು ತಮ್ಮ ಕಂಠಕ್ಕೆ ಹೊಂದಿಸಿಕೊಳ್ಳುತ್ತಾರೆ. ಹಾರ್ಮೋನಿಯಂ ಮನೆಗಳ ಹಂಗು ಅವರಿಗಿಲ್ಲ. ಅಂಥ ಹಾಡನ್ನು ಮಂಡ್ಯದಲ್ಲೋ ಮದ್ದೂರಿನಲ್ಲೋ ಕಂಪ್ಯೂಟರಿಗೆ ಧ್ವನಿಮುದ್ರಿಸಿಕೊಂಡು, ಜೊತೆಗೊಂದು ಡಿಜಿಟಲ್ ವಾದ್ಯ ನುಡಿಸಹೊರಟರೆ ಮೊದಲು ಎದುರಾಗುವುದು ಶ್ರುತಿಯ ತೊಡಕು. ಆ ವಾದ್ಯ ಒಂದು ಪ್ಲಗಿನ್. ಅದನ್ನು ಒಳಗೆ ಕೂರಿಸಿಕೊಂಡು ನಡೆಸುವ ತಂತ್ರಾಂಶ ಹೋಸ್ಟ್. ಸ್ವರವನ್ನು ಎರಡು ಮನೆಗಳ ನಡುವೆ ನಿಲ್ಲಿಸುವ ಸೌಲಭ್ಯ ಎರಡರಲ್ಲೂ ಇರಬೇಕು.

ಇವುಗಳ ನಡುವಿನ ಕರಾರೇ ಪ್ಲಗಿನ್ ಮಾನಕ. ಲಿನಕ್ಸ್ ಲೋಕಕ್ಕೆ 2000ದಲ್ಲಿ ಬಂದ ಲ್ಯಾಡ್‌ಸ್ಪಾ ತೀರಾ ಸರಳ: ಧ್ವನಿ ಒಳಬರುತ್ತದೆ, ಹೊರಹೋಗುತ್ತದೆ, ಹೊಂದಿಸಲು ಕೆಲವು ಗುಂಡಿಗಳು. ಅದರ ಉತ್ತರಾಧಿಕಾರಿ ಎಲ್‌ವಿ2 ತಿರುಳನ್ನು ಚಿಕ್ಕದಾಗಿಯೇ ಇಟ್ಟು, ಮಿಕ್ಕಿದ್ದನ್ನೆಲ್ಲ ಐಚ್ಛಿಕ ವಿಸ್ತರಣೆಗಳಿಗೆ ಬಿಟ್ಟಿತು. ತನಗೆ ಯಾವುದು ಕಡ್ಡಾಯ, ಯಾವುದು ಇದ್ದರೆ ಒಳ್ಳೆಯದು ಎಂಬುದನ್ನು ಪ್ಲಗಿನ್ ಒಂದು ಪಠ್ಯಕಡತದಲ್ಲಿ ಹೇಳಿಕೊಳ್ಳುತ್ತದೆ. ಕಡ್ಡಾಯವಾದದ್ದು ಹೋಸ್ಟ್‌ನಲ್ಲಿ ಇಲ್ಲವಾದರೆ ಆ ಪ್ಲಗಿನ್ ತೆರೆಯುವಂತಿಲ್ಲ.

ಒಳ್ಳೆಯ ವ್ಯವಸ್ಥೆಯೇ. ಆದರೆ ಹತ್ತು ವಿಸ್ತರಣೆಗಳಿದ್ದು ಒಂದೊಂದೂ ಇರಬಹುದು, ಇಲ್ಲದಿರಬಹುದು ಎಂದಾದರೆ 1,024 ಸನ್ನಿವೇಶಗಳು. ಅಷ್ಟನ್ನೂ ಯಾರು ಪರೀಕ್ಷಿಸುತ್ತಾರೆ?

ನಿಜ ಬಳಕೆಯಲ್ಲಿ ವಿಸ್ತರಣೆಗಳು ಒಂಟಿಯಾಗಿ ಬರುವುದು ಕಡಿಮೆ. ಧ್ವನಿಕಡತಗಳಿಂದ ನುಡಿಯುವ ವಾದ್ಯವನ್ನೇ ನೋಡಿ. ಸೆಕೆಂಡಿಗೆ 48,000 ಮಾದರಿ, ಒಂದು ಸಲಕ್ಕೆ 256 ಎಂದರೆ, ಲೆಕ್ಕ ಮುಗಿಸಲು ಸಿಗುವುದು ಸುಮಾರು 5.3 ಮಿಲಿಸೆಕೆಂಡ್. ಅಷ್ಟರೊಳಗೆ ಡಿಸ್ಕ್‌ನಿಂದ ಕಡತ ಓದಲು ಹೋದರೆ ಧ್ವನಿ ಕಡಿಯುತ್ತದೆ. ಹಾಗಾಗಿ ಆ ಕೆಲಸವನ್ನು ಪಕ್ಕಕ್ಕೆ ಸಾಗಿಸುವ ‘ವರ್ಕರ್’ ಬೇಕು. ಯಾವ ಕಡತ ಆರಿಸಿದ್ದೆವೆಂದು ನೆನಪಿಡುವ ‘ಸ್ಟೇಟ್’ ಬೇಕು. ಸ್ವರಸೂಚನೆಗೆ ‘ಮಿಡಿ’, ‘ಆಟಮ್’, ‘ಯುಆರ್‌ಐಡಿ’ ಮೂರೂ ಬೇಕು. ಚದುರಿದ್ದ ವಿಸ್ತರಣೆಗಳನ್ನು 2012ರ ಎಲ್‌ವಿ2 1.0 ಒಂದೇ ಬಿಡುಗಡೆಯಲ್ಲಿ ತಂದಿತು. ಅದರಿಂದ ಅವು ಒಂದೆಡೆ ಸಿಕ್ಕವು, ಅಷ್ಟೆ. ಯಾವ ಕೆಲಸಕ್ಕೆ ಯಾವುವು ಜೊತೆಯಾಗಿರಲೇಬೇಕು ಎಂಬುದು ಇತ್ಯರ್ಥವಾಗಲಿಲ್ಲ.

ಕೆಲಸದ ಮೇಲೆ ಗುಂಪು ಮಾಡುವುದು ಇದಕ್ಕೆ ದಾರಿ. ‘ವಾದ್ಯ’, ‘ಧ್ವನಿ ಸಂಸ್ಕರಣೆ’ ಎಂದು ಕೆಲವೇ ಗುಂಪುಗಳು, ಪ್ರತಿಯೊಂದಕ್ಕೂ ಆವೃತ್ತಿ ಸಂಖ್ಯೆ. ಒಳಗಿನ ವಿಸ್ತರಣೆಗಳ ಹೆಸರು ಬದಲಾಗಬೇಕಿಲ್ಲ; ಹಳೆಯ ಪ್ಲಗಿನ್‌ಗಳು ಮೊದಲಿನಂತೆಯೇ ನಡೆಯುತ್ತವೆ.

ಗುಂಪಿನೊಳಗೆ ಯಾವುದಕ್ಕೆ ಜಾಗ ಎಂಬುದೇ ನಿಜವಾದ ಜಗಳ. 2022ರಲ್ಲಿ ಬಂದ ಕ್ಲ್ಯಾಪ್ ಮಾನಕದಲ್ಲಿ ಒಂದೊಂದು ಸ್ವರದ ಶ್ರುತಿಯನ್ನೂ ಬೇರೆಬೇರೆಯಾಗಿ ಏರಿಸಿ ಇಳಿಸಬಹುದು, ಆದರೆ ಪ್ಲಗಿನ್ ಅದನ್ನು ಪಾಲಿಸಲೇಬೇಕೆಂದಿಲ್ಲ. ಹನ್ನೆರಡು ಮನೆಗಳಲ್ಲೇ ಸಂಗೀತ ಮುಗಿಯುವವರಿಗೆ ಇದು ಅಲಂಕಾರ. ತಂಬೂರಿಗೆ ದನಿಗೂಡಿಸುವವರಿಗೆ ಇದೇ ಮೊದಲ ಅಗತ್ಯ. ‘ವಾದ್ಯ’ ಗುಂಪಿನ ಕಡ್ಡಾಯ ಪಟ್ಟಿಯಲ್ಲೇ ಅದು ಇರಬೇಕು.